ಸೊನ್ನೆ ಬರೆದ ರಸ್ತೆ

ನನಗೊಂದು ಚಟವಿದೆ. ಯಾವ ರಸ್ತೆಯ ಬದಿಯಲ್ಲಿ ನಿಂತರೂ ಹೋಗುವ ಬರುವ ಗಾಡಿಗಳನ್ನು ಎಣಿಸುತ್ತೇನೆ. ಮಗನಿಗೆ ಬೀಡಿ, ಎಲೆಯಡಿಕೆ ಯಾವುದೂ ಅಂಟಲಿಲ್ಲವೆಂದು ತಾಯಿ ಹೆಮ್ಮೆಪಡುತ್ತಿದ್ದಳು. ಇದು ಅಂಟಿದ್ದು ಅವಳಿಗೆ ಗೊತ್ತಾಗಲಿಲ್ಲ. ಮದುವೆಯಾದ ಹೊಸತರಲ್ಲಿ ಬಸ್ ಸ್ಟ್ಯಾಂಡಿನಲ್ಲಿ ನನ್ನ ತುಟಿ ಅಲುಗುತ್ತಿದ್ದುದನ್ನು ನೋಡಿ, ಗಂಡ ಜಪ ಮಾಡುತ್ತಿದ್ದಾನೆ, ದೊಡ್ಡ ಭಕ್ತನಿರಬೇಕು ಎಂದು ಹೆಂಡತಿ ತಿಳಿದಿದ್ದಳಂತೆ. ನಿಜ ಗೊತ್ತಾದ ಮೇಲೆ ನನ್ನ ಮೇಲಿನ ಗೌರವ ಅರ್ಧಕ್ಕಿಳಿಯಿತು.

ಚಟ ಹತ್ತಿದ್ದು ಕೆಲಸದಿಂದ. ಬಿ.ಎಸ್ಸಿ. ಮುಗಿಸಿ ಖಾಲಿ ಕೂತಿದ್ದಾಗ ರಸ್ತೆ ಇಲಾಖೆಯವರು ಒಂದು ವಾರದ ಮಟ್ಟಿಗೆ ಗಾಡಿ ಎಣಿಸಲು ಕರೆದಿದ್ದರು. ಜಹೀರಾಬಾದಿನ ಹೊರಗೆ ಬೇವಿನ ಮರದ ಕೆಳಗೆ ಸ್ಟೂಲು ಹಾಕಿಕೊಂಡು ಕೂತು, ಅಚ್ಚು ಹಾಳೆಯ ಮೇಲೆ ಗಾಡಿಗೊಂದರಂತೆ ನಾಲ್ಕು ನೆಟ್ಟಗೆರೆ, ಐದನೆಯದಕ್ಕೆ ಅಡ್ಡಗೆರೆ. ಲಾರಿಗೊಂದು ಕಾಲಮ್ಮು, ಬಸ್ಸಿಗೊಂದು, ಎತ್ತಿನ ಬಂಡಿಗೊಂದು, ಸೈಕಲ್ಲಿಗೂ ಒಂದು. ಕುರಿಯ ಹಿಂಡಿಗೆ ಇರಲಿಲ್ಲ. ಹಿಂಡು ದಾಟುವಷ್ಟು ಹೊತ್ತು ಲೆಕ್ಕವೂ ನಿಂತು, ನಾನು ಚಹ ಕುಡಿಯುತ್ತಿದ್ದೆ. ಗಾಡಿಯೊಳಗೆ ಯಾರಿದ್ದಾರೆ, ಯಾಕೆ ಹೊರಟಿದ್ದಾರೆ ಎಂಬುದಕ್ಕೂ ಕಾಲಮ್ಮು ಇರಲಿಲ್ಲ, ಆದರೆ ಅದು ಆಗ ನನಗೆ ಹೊಳೆಯಲಿಲ್ಲ.

ಮುಂದೆ ಅದೇ ಊರಿನ ಜೂನಿಯರ್ ಕಾಲೇಜಿನಲ್ಲಿ ಗಣಿತದ ಮೇಷ್ಟರಾದೆ. ಮನೆಯಲ್ಲಿ ಕನ್ನಡ, ಕ್ಲಾಸಿನಲ್ಲಿ ತೆಲುಗು, ಬಜಾರಿನಲ್ಲಿ ಉರ್ದು. ಎಣಿಕೆ ಮಾತ್ರ ಯಾವ ಭಾಷೆಯಲ್ಲೂ ತಪ್ಪಲಿಲ್ಲ. ಹಳೆಯ ಕ್ಯಾಲೆಂಡರಿನ ಬೆನ್ನಿಗೆ ಒಂದು ಚಿತ್ರ ಬರೆದೆ. ಜಹೀರಾಬಾದ್, ನಾರಾಯಣಖೇಡ್, ತಾಂಡೂರು, ಕೊಡಂಗಲ್, ಮೊಗುಡಂಪಲ್ಲಿ ಎಲ್ಲ ಚುಕ್ಕೆಗಳು, ನಡುವಿನ ರಸ್ತೆಗಳು ಗೆರೆಗಳು, ಗೆರೆಯ ಮೇಲೆ ತಾಸಿಗೆಷ್ಟು ಗಾಡಿ ಎಂಬ ಅಂಕಿ. ಇಡೀ ವಿದ್ಯೆ ಒಂದೇ ಮಾತಿನ ಮೇಲೆ ನಿಂತಿದೆ: ಕೂಡುರಸ್ತೆಗೆ ಎಷ್ಟು ಬಂದವೋ ಅಷ್ಟು ಹೊರಗೆ ಹೋಗಬೇಕು, ಹೋಗದಿದ್ದರೆ ಅಲ್ಲೇ ನಿಂತಿವೆ ಎಂದರ್ಥ. ಒಂದು ಗೆರೆಯ ಮೇಲೆ ಸೊನ್ನೆ ಬರೆದರೆ ಅದರ ಗಾಡಿಗಳೆಲ್ಲ ಯಾವ ಗೆರೆಗೆ ಹರಿಯುತ್ತವೆಂದು ಲೆಕ್ಕ ಹಾಕಿ ಹೇಳಬಹುದು.

ಸೊನ್ನೆ ಬರೆಯುವ ಅವಕಾಶ ತೆಲಂಗಾಣ ಚಳವಳಿಯ ಕಾಲದಲ್ಲಿ ಬೇಕಾದಷ್ಟು ಸಿಕ್ಕಿತು. ಇವತ್ತು ಬಂದ್, ನಾಳೆ ರಸ್ತಾ ರೋಕೋ, ಮತ್ತೊಂದು ದಿನ ರಸ್ತೆಯ ನಡುವೆಯೇ ಒಲೆ ಹೂಡಿ ಅಡಿಗೆ ಮಾಡಿ ಅಲ್ಲೇ ಉಣ್ಣುವ ವಂಟಾ ವಾರ್ಪು. ಕಾಲೇಜಿನ ಮೇಷ್ಟರುಗಳೆಲ್ಲ ಹೋಗಿ ಕೂರುತ್ತಿದ್ದೆವು. ನಮ್ಮ ರಾಜ್ಯ ನಮಗೆ ಬೇಕು ಎನ್ನುವುದರಲ್ಲಿ ನನಗೆ ಅನುಮಾನವಿರಲಿಲ್ಲ. ಎಲ್ಲಿ ಕೂರುತ್ತೇವೆಂಬುದು ಹಿಂದಿನ ದಿನವೇ ಗೊತ್ತಿರುತ್ತಿದ್ದುದರಿಂದ, ಯಾವ ದಾರಿ ತೆರವಾಗಿರುತ್ತದೆಂದು ಕೇಳಿದವರಿಗೆ ಚಿತ್ರ ನೋಡಿ ಹೇಳುತ್ತಿದ್ದೆ. ರಸ್ತೆ ಮುಚ್ಚುವವನೂ ನಾನೇ, ತೆರೆದ ರಸ್ತೆ ತೋರಿಸುವವನೂ ನಾನೇ. ಚಹದ ಅಂಗಡಿಯಲ್ಲಿ ಡ್ರೈವರುಗಳು ನನಗೆ ಕುರ್ಚಿ ಬಿಟ್ಟುಕೊಡತೊಡಗಿದರು. ಬೀಗಿದೆ, ಸುಳ್ಳೇಕೆ ಹೇಳಲಿ.

ಪಕ್ಕದ ಮನೆಯ ಬೀರಪ್ಪನೂ ನನ್ನ ಚಿತ್ರದ ಮೇಲೆ ವಿಶ್ವಾಸವಿಟ್ಟವನು. ತಲೆತಲಾಂತರದಿಂದ ಕುರಿ ಸಾಕುವ ಮನೆತನ, ಜೊತೆಗೆ ಸ್ವಲ್ಪ ಹೊಲ. ಒಮ್ಮೆ ಚಿತ್ರ ನೋಡುತ್ತಾ ನಿಂತು ಅವನು ತಮ್ಮ ಪದ್ಧತಿಯೊಂದನ್ನು ಹೇಳಿದ್ದ. ಕುರಿಗಳನ್ನು ಹಳ್ಳದ ಮೇಲಿನ ಇಕ್ಕಟ್ಟಾದ ಮೋರಿ ದಾಟಿಸುವ ಮುಂಚೆ ಒಬ್ಬರು ಮುಂದೆ ಹೋಗಿ, ಆ ಕಡೆಯಿಂದ ಇನ್ನೊಂದು ಹಿಂಡು ಬರುತ್ತಿದೆಯೇ, ಬಂದರೆ ಯಾರದು, ಎಲ್ಲಿಗೆ ಹೊರಟಿದೆ ಎಂದು ಕೇಳಿಕೊಂಡು ಬರಬೇಕಂತೆ. ಆಮೇಲೆ ಯಾರು ಮೊದಲು ದಾಟಬೇಕೆಂಬ ತೀರ್ಮಾನ. ನನ್ನ ಲೆಕ್ಕಕ್ಕೆ ಅಷ್ಟು ನಡಿಗೆಯ ಅಗತ್ಯವಿಲ್ಲ ಎಂದು ನಕ್ಕಿದ್ದೆ.

ಬೀರಪ್ಪನ ತಂದೆಗೆ ಉಬ್ಬಸ ಹೆಚ್ಚಾಗಿ ಬೀದರಿನ ಆಸ್ಪತ್ರೆಗೆ ಸೇರಿಸಿದ್ದರು. ಒಂದು ದಿನ ಬೆಳಗಾಗುತ್ತಿದ್ದಂತೆ, ಅಲ್ಲಿದ್ದ ಅವನ ತಮ್ಮ ಫೋನ್ ಮಾಡಿದ: ಅಪ್ಪ ನಿನ್ನನ್ನೇ ಕೇಳುತ್ತಿದ್ದಾನೆ, ಬೇಗ ಬಾ. ಬೀರಪ್ಪ ಬಾಡಿಗೆ ಜೀಪು ತರಿಸಿ, ತಾಯಿಯನ್ನೂ ಹೆಂಡತಿಯನ್ನೂ ಕೂರಿಸಿ, ಓಡಿ ಬಂದು ನನ್ನ ಬಾಗಿಲಲ್ಲಿ ನಿಂತ. ಅವತ್ತು ನಾವು ಬೀದರ ರಸ್ತೆಯಲ್ಲೇ ಕೂರುವವರಿದ್ದೆವು, ಕೆಲವರು ನಸುಕಿಗೇ ಹೋಗಿ ಕೂತಿದ್ದರು. ಚಿತ್ರದಲ್ಲಿ ಆ ಗೆರೆಯ ಮೇಲೆ ಸೊನ್ನೆ ಬರೆದಾಗಿತ್ತು. ಮೊಗುಡಂಪಲ್ಲಿ ಮೇಲಿಂದ ಹೋಗು, ಬಳಸುದಾರಿಯಾದರೂ ಖಾಲಿ ಇರುತ್ತದೆ ಎಂದೆ. ಅವನು ಕೈಮುಗಿದು ಹೋದ. ನಾನು ಸ್ನಾನ ಮಾಡಿ ರಸ್ತೆಗೆ ಹೋಗಿ ಕೂತೆ.

ಗೋಡೆಗೆ ತೂಗುಹಾಕಿದ ಚಿತ್ರಕ್ಕೂ ನಾಲ್ಕು ಜನರಿಗೆ ಹೇಳಿದ ಚಿತ್ರಕ್ಕೂ ಬಹಳ ವ್ಯತ್ಯಾಸವಿದೆ. ಕಾಲುವೆಯ ನೀರಿಗೆ ಯಾರೂ ದಾರಿ ಹೇಳುವುದಿಲ್ಲ, ಅದರಿಂದ ಅದರ ಲೆಕ್ಕ ಕೆಡುವುದಿಲ್ಲ. ಗಾಡಿಯವರು ಹೇಳಿದ್ದನ್ನು ಕೇಳುತ್ತಾರೆ. ಮೊಗುಡಂಪಲ್ಲಿ ದಾರಿ ಖಾಲಿ ಇರುತ್ತದೆಂದು ಹಿಂದಿನ ಸಂಜೆ ಚಹದ ಅಂಗಡಿಯಲ್ಲೂ ನಾನು ಹೇಳಿದ್ದೆ. ಅಲ್ಲಿಂದ ಒಬ್ಬರಿಗೊಬ್ಬರು ಫೋನ್ ಮಾಡಿ ಮಾತು ಗಡಿಯಾಚೆ ಬೀದರ ಕಡೆಗೂ ಮುಟ್ಟಿತ್ತು. ಖಾಲಿ ಇರುತ್ತದೆಂದು ನಾನು ಹೇಳಿದ್ದಕ್ಕೇ ಆ ರಸ್ತೆ ತುಂಬಿತು. ಮೊಗುಡಂಪಲ್ಲಿ ದಾಟಿದ ಮೇಲಿನ ಮೋರಿಯ ಮೇಲೆ, ಆ ಕಡೆಯ ಕಬ್ಬಿನ ಲಾರಿಯೂ ಈ ಕಡೆಯ ಕಬ್ಬಿನ ಲಾರಿಯೂ ಎದುರುಬದುರು ನಿಂತವು. ಹಿಂದೆ ಸರಿಯಲು ಜಾಗವಿಲ್ಲದಂತೆ ಎರಡರ ಬೆನ್ನಿಗೂ ಸಾಲು. ಬೀರಪ್ಪನ ಜೀಪು ಆ ಸಾಲಿನ ನಡುವೆ ಮೂರು ತಾಸು ನಿಂತಿತ್ತು. ಅವನು ಬೀದರ ಮುಟ್ಟುವ ಹೊತ್ತಿಗೆ ತಂದೆಯ ಮುಖದ ಮೇಲೆ ಬಟ್ಟೆ ಎಳೆದಾಗಿತ್ತು.

ಸಂಜೆ ಸುದ್ದಿ ಕೇಳಿದಾಗ ನನಗೆ ಮೊದಲು ನೆನಪಾದದ್ದು ವಂಟಾ ವಾರ್ಪಿನ ಅನ್ನದ ಗುಂಡಿ, ಆ ದೊಡ್ಡ ಪಾತ್ರೆ. ನಾವು ಕೂತಲ್ಲಿಗೆ ಅವತ್ತು ಎರಡು ಸಲ ಗಾಡಿ ಬಂದಿತ್ತು. ಒಂದರಲ್ಲಿ ಜ್ವರದ ಮಗು, ಇನ್ನೊಂದರಲ್ಲಿ ಕಾಲು ಮುರಿದ ಮುದುಕ. ಎಲ್ಲರೂ ಎದ್ದು, ಬೇಯುತ್ತಿದ್ದ ಅನ್ನದ ಗುಂಡಿಯನ್ನು ಒಲೆಯ ಮೇಲಿಂದ ಇಳಿಸಿ ಬದಿಗಿಟ್ಟು ದಾರಿ ಬಿಟ್ಟಿದ್ದೆವು. ಒಂದು ಬದಿಯ ಕಿವಿ ಹಿಡಿದು ಎತ್ತಿದವನು ನಾನೇ.

ತಂದೆಯನ್ನು ಮಣ್ಣು ಮಾಡಿ ಕಾರ್ಯವೆಲ್ಲ ಮುಗಿದ ಮೇಲೆ ಬೀರಪ್ಪ ಮನೆಗೆ ಬಂದ. ಬೈಯಲಿ ಎಂದು ಕಾದೆ, ಬೈದಿದ್ದರೆ ಹಗುರಾಗುತ್ತಿತ್ತು. ಅವನು ಚಿತ್ರದ ಮುಂದೆ ನಿಂತು ಕೇಳಿದ:

“ಸರ್, ಅವತ್ತು ನೀವು ಅಲ್ಲೇ ಕುಂತಿದ್ರಂತಲ್ರಿ. ನಾ ಆ ಕಡಿ ಬಂದಿದ್ರ ಬಿಡತಿದ್ರೇನ್ರಿ?”

“ಬಿಡತಿದ್ವಿ, ಬೀರಪ್ಪ.”

“ಹಂಗಾದ್ರ ಇದ್ರಾಗ ಅದ್ಯಾಕ ಇಲ್ರಿ?”

ಆಪಾದನೆಯ ದನಿಯಲ್ಲ, ತಿಳಿದುಕೊಳ್ಳುವ ದನಿ. ನಾನು ಹೆಂಡತಿಯ ಮುಖ ನೋಡಿದೆ. ಅವಳು ಒಳಗೆ ಹೋದಳು. ರಸ್ತೆಯ ಮೇಲೆ ಕೂತವರನ್ನು ನಾನು ಕಲ್ಲು ಎಂದು ಲೆಕ್ಕಕ್ಕೆ ಹಿಡಿದಿದ್ದೆ, ನನ್ನನ್ನೂ ಸೇರಿಸಿ. ಆ ನಾಚಿಕೆ ಇವತ್ತಿಗೂ ಹೋಗಿಲ್ಲ.

ಅದಾದ ಮೇಲೆ ನಾನು ಯಾರಿಗೂ ದಾರಿ ಹೇಳಲಿಲ್ಲ. ಚಿತ್ರವನ್ನು ಸುತ್ತಿ ಅಟ್ಟದ ಮೇಲಿಟ್ಟೆ. ಮತ್ತೊಮ್ಮೆ ಬೀದರ ರಸ್ತೆಯಲ್ಲಿ ಕೂರುವ ದಿನ ಬಂದಾಗ, ಕಂಬಳಿ ಹೆಗಲಿಗೆ ಹಾಕಿಕೊಂಡು ಬೀರಪ್ಪನೂ ಬಂದ. ಹಿಂದೆಂದೂ ಬಂದವನಲ್ಲ. ಎಲ್ಲರಿಗಿಂತ ಮುಂದೆ, ಗಾಡಿಗಳು ಬರುವ ಕಡೆಗೆ ಹೋಗಿ ಕೂತ. ಒಂದು ಜೀಪು ದೂರದಲ್ಲಿ ಕಂಡದ್ದೇ ತಡ ಎದ್ದು, ಮೋರಿಯಾಚೆಯ ಹಿಂಡಿನ ಕಡೆಗೆ ಹೋಗುವವನಂತೆ ನಡೆದುಕೊಂಡು ಹೋದ. ಕಿಟಕಿಯಲ್ಲಿ ಬಗ್ಗಿ ಏನೋ ಕೇಳಿ ತಿರುಗಿ ಬಂದ.

“ಸರ್, ಬಸುರಿ ಹೆಣ್ಮಗಳು ಅದಾಳ್ರಿ. ದಿನ ತುಂಬ್ಯಾವ.”

ಒಲೆಯ ಮೇಲಿನ ಗುಂಡಿಯ ಒಂದು ಕಿವಿ ನಾನು ಹಿಡಿದೆ, ಇನ್ನೊಂದು ಅವನು. ಜೀಪು ನಮ್ಮ ನಡುವಿನಿಂದ ದಾಟಿ ಬೀದರ ಕಡೆಗೆ ಹೋಯಿತು. ಹಾಳು ಚಟ, ನನ್ನ ತುಟಿ ಅಲುಗಿರಬೇಕು. ಬೀರಪ್ಪ ನೋಡಿದ.

“ಇದನ್ನ ಬರಕೋರಿ, ಸರ್,” ಎಂದ.

ಸಂಜೆ ಅಟ್ಟದಿಂದ ಚಿತ್ರ ಇಳಿಸಿ, ಬೀದರ ರಸ್ತೆಯ ಮೇಲಿನ ಸೊನ್ನೆಯನ್ನು ಹೊಡೆದುಹಾಕಿ, ಪಕ್ಕದಲ್ಲಿ ಒಂದು ನೆಟ್ಟಗೆರೆ ಎಳೆದೆ.