ಬಿಟ್ಟಿ ಇಂಜೆಕ್ಷನ್ನಿನ ಬೆಲೆ

"ಏನ್ಲಾ ಮೇಷ್ಟ್ರೇ, ಬಂಗಾರಪೇಟೆ ಮನೆಗಳಿಗೆಲ್ಲ ಈಗ ಎರಡೆರಡು ಬಾಗ್ಲಾ?"

ಕಳೆದ ಭಾನುವಾರ ಬೆಳಿಗ್ಗೆ ರೈಲಿಳಿದು ಬಂದ ಬಾವ ನಮ್ಮ ಮನೆಯೆದುರು ನಿಂತು ಕೇಳಿದ್ದು ಹೀಗೆ. ನಾನು ನಕ್ಕೆ. ಹಿಂದೆ ನಿಂತಿದ್ದ ಅಕ್ಕ ನಗಲಿಲ್ಲ. "ಇವರಿಗೆ ನಾಕು ದಿನದಿಂದ ತಲೆನೋವು ಕಣೋ. ದಾರೀಲಿ ವಾಂತಿ ಬೇರೆ" ಅಂದಳು.

ಬಾವನನ್ನು ಬಜಾರಿನ ಡಾಕ್ಟರ ಹತ್ತಿರ ಕರೆದೊಯ್ದೆ. ತೋಳಿಗೆ ಪಟ್ಟಿ ಸುತ್ತಿ ನೋಡಿದರು. ಮತ್ತೆ ನೋಡಿದರು. ಇನ್ನೂರ ನಲವತ್ತು! "ಬ್ಲಡ್ ಪ್ರೆಷರ್. ಇವತ್ತೇ ಇಳಿಸಬೇಕು. ಮೆದುಳಿನ ನರ ಒಡೆದರೆ ನನ್ನ ಕೈಲಿಲ್ಲ."

ಸರ್ಪಗಂಧದ ಮಾತ್ರೆ ಕೆಲವೇ ಆಣೆ, ಆದರೆ ಗುಣ ಕಾಣಲು ದಿನಗಟ್ಟಲೆ ಬೇಕು. ಪರದೇಶದ ಇಂಜೆಕ್ಷನ್ ಬೇಗ ಇಳಿಸುತ್ತದೆ, ಆದರೆ ಬೆಂಗಳೂರಿನಿಂದ ತರಿಸಬೇಕು, ವಾಸಿಯಾಗುವಷ್ಟರಲ್ಲಿ ನನ್ನ ಒಂದು ತಿಂಗಳ ಸಂಬಳ ಮುಗಿಯುತ್ತದೆ. ಅದೇ ಇಂಜೆಕ್ಷನ್ ಬಾವ ಕೆಲಸ ಮಾಡುವ ಚಿನ್ನದ ಗಣಿಯ ಆಸ್ಪತ್ರೆಯಲ್ಲಿ ನೌಕರರಿಗೆ ಬಿಟ್ಟಿ. ಯಾವುದು ವಾಸಿ? (ಇದಕ್ಕೂ ಕಾಲೇಜು ಓದಬೇಕೆ?)

"ಮಾತ್ರೆ ಸಾಕು" ಅಂದರು ಬಾವ.

ಅವರು ಚಾಂಪಿಯನ್ ರೀಫ್ಸ್ ಗಣಿಯಲ್ಲಿ ವೈಂಡಿಂಗ್ ಇಂಜಿನ್ ಡ್ರೈವರ್. ಗಣಿಯೊಳಕ್ಕೆ ಆಳುಗಳು ನಿಲ್ಲುವ ಕಬ್ಬಿಣದ ಕೇಜನ್ನು ಇಳಿಸುವುದು, ಎತ್ತುವುದು ಅವರ ಕೈಲಿ. "ಅಲ್ಲಿ ಚೀಟೀನಾಗೆ ಪ್ರೆಷರ್ ಅಂತ ಬರ್ದ್ರೆ ನನ್ನ ಇಂಜಿನ್ನಿಂದ ಇಳಿಸ್ತಾರೆ ಕಣ್ಲಾ. ಇಲ್ಲೇ ಏನಾದ್ರೂ ಮಾಡ್ಸು."

ನಾನೋ, ಹೂಂ ಅಂದು ಇಂಜೆಕ್ಷನ್ ತರಲು ಬೆಂಗಳೂರಿನ ರೈಲು ಎಷ್ಟು ಗಂಟೆಗೆಂದು ವಿಚಾರಿಸತೊಡಗಿದೆ!

ಅಕ್ಕ ಬಾವನನ್ನು ಮೆಲ್ಲಗೆ ಕೇಳಿದಳು. "ಎಲ್ಲ ಎರಡೆರಡು ಕಾಣ್ತಿರೋದು ಯಾವತ್ತಿಂದ?"

"ಶುಕ್ರವಾರ."

"ನೆನ್ನೆ ಶಿಫ್ಟ್‌ಗೆ ಓಗಿದ್ರಲ್ಲ?"

"ಓಗಿದ್ದೆ. ಒಂದು ಕಣ್ಣು ಮುಚ್ಕಂಡು ಮುಳ್ಳು ನೋಡ್ದೆ."

ಕೇಜ್ ಎಷ್ಟು ಆಳದಲ್ಲಿದೆ ಎಂದು ತೋರಿಸುವ ಡಯಲಿನ ಮುಳ್ಳು. ಉಕ್ಕಿನ ಹಗ್ಗಕ್ಕೆ ತೂಗುವ ಕೇಜು, ಒಳಗೆ ಟಿಫನ್ ಕ್ಯಾರಿಯರ್ ಹಿಡಿದು ಹರಟುತ್ತ ನಿಂತ ಜನ, ಮೇಲೆ ಒಂದು ಕಣ್ಣು ಮುಚ್ಚಿದ ನಮ್ಮ ಬಾವ.

ಅಕ್ಕ ಬೈಯಲಿಲ್ಲ. ಬಗ್ಗಿ ಅವರ ಕಾಲಿಗೆ ಚಪ್ಪಲಿ ತೊಡಿಸಿದಳು. "ಏಳಿ. ಇಷ್ಟು ವರ್ಷ ಎಲ್ರುನ್ನೂ ಮೇಲಕ್ಕೆ ತಂದು ಮನೆಗೆ ಕಳ್ಸಿದ್ದೀರ. ಇವತ್ತು ನಿಮ್ಮನ್ನ ನಾನು ಕರ್ಕಂಡೋಯ್ತೀನಿ."

ಡಾಕ್ಟರೇ ಕಾರು ತೆಗೆದರು. ಗಣಿ ಆಸ್ಪತ್ರೆ ಬರುವವರೆಗೂ ಬಾವ ಅಕ್ಕನ ಕೈ ಬಿಡಲಿಲ್ಲ. ಇಂಜೆಕ್ಷನ್ ಬಿತ್ತು, ಜೀವ ಉಳಿಯಿತು. ಚೀಟಿಯಲ್ಲೂ ಬರೆದರು.

ಈಗ ಶಿಫ್ಟಿನ ಸೈರನ್ ಕೂಗಿದಾಗಲೆಲ್ಲ ಬಾವ ಆಸ್ಪತ್ರೆಯ ಹಾಸಿಗೆಯಿಂದಲೇ ಕೇಳುತ್ತಾರೆ. "ಇಂಜಿನ್ ಮ್ಯಾಲೆ ಯಾರವ್ನೇ?"

"ನಿಮ್ಮಷ್ಟು ಜಾಣ ಅಲ್ಲ. ಎರಡು ಕಣ್ಣೂ ತೆರ್ಕಂಡವ್ನೆ, ಸುಮ್ನೆ ಮಲಿಕ್ಕಳಿ" ಅನ್ನುತ್ತಾಳೆ ಅಕ್ಕ, ಹಣೆ ಸವರುತ್ತಾ.

ಎದ್ದ ಮೇಲೆ ಅವರಿಗೆ ಗಣಿಗಿಳಿಯುವವರಿಗೆ ದೀಪ ಕೊಡುವ ಕೋಣೆಯಲ್ಲಿ ಕೆಲಸವಂತೆ. ಸಂಬಳ ಕಡಿಮೆ. ಇಂಜಿನ್ನಿಂದ ಇಳಿಸಿದ್ದು ಸರಿಯೇ, ನಾನು ಬೇಡವೆನ್ನಲಾರೆ. ಆದರೆ ಕಾಯಿಲೆ ಹೇಳಿಕೊಂಡವನ ಸಂಬಳವನ್ನೂ ಇಳಿಸಿದರೆ, ಮುಂದಿನವನು ಬಾಯಿಬಿಡುತ್ತಾನೆಯೇ?