ಕತ್ತಿ ಇಳಿಸಿದ ಮೇಲೆ

ಅವರ ಎಡ ಮುಂಗೈಯಲ್ಲಿ ಕೂದಲಿರಲಿಲ್ಲ. ಬಲಗೈ ತುಂಬ ದಟ್ಟ ಕೂದಲು. ಎಡಗೈಯಲ್ಲಿ ಮಾತ್ರ ಮಣಿಕಟ್ಟಿನಿಂದ ಮೇಲೆ ನಾಲ್ಕು ಬೆರಳಷ್ಟು ಜಾಗ ಮಗುವಿನ ಕೆನ್ನೆಯಂತೆ ನುಣ್ಣಗಿತ್ತು. ಕತ್ತಿಯ ಹರಿತವನ್ನು ಅಲ್ಲಿ ಎಳೆದು ನೋಡಿದ ಮೇಲೆಯೇ ನಮ್ಮ ಕೆನ್ನೆಗೆ ತರುತ್ತಿದ್ದರು. ಅರ್ಧ ಬ್ಲೇಡು ಸಿಕ್ಕಿಸುವ ಹೊಸ ಕತ್ತಿ ಬಂದ ಮೇಲೂ ಆ ಅಭ್ಯಾಸ ಬಿಡಲಿಲ್ಲ.

ಆಂಧ್ರದ ಆದೋನಿಯಲ್ಲಿ ಹತ್ತಿ ಮಾರ್ಕೆಟ್ಟಿನ ಹಿಂದಿನ ಓಣಿಯಲ್ಲಿ ಅವರ ಕ್ಷೌರದಂಗಡಿ. ಎರಡು ಕುರ್ಚಿ, ಒಂದು ಬೆಂಚು, ಮೂಲೆಯಲ್ಲೊಂದು ರೇಡಿಯೋ. ಓಣಿಗೆಲ್ಲ ಅವರು ಮಾಮ. ನನಗೂ ನನ್ನ ಅಣ್ಣನಿಗೂ ಮೊದಲ ಸಲ ತಲೆಗೂದಲು ತೆಗೆದವರು ಅವರೇ.

ಅಂಗಡಿಗೆ ಬರುತ್ತಿದ್ದದ್ದು ತೆಲುಗು ಪೇಪರು. ಅದನ್ನು ಗಟ್ಟಿಯಾಗಿ ತೆಲುಗಿನಲ್ಲೇ ಓದಿ, ವಿವರಣೆಯನ್ನು ಕನ್ನಡದಲ್ಲಿ ಕೊಡುತ್ತಿದ್ದರು. ಕತ್ತಿಯ ನೊರೆ ಒರೆಸಲು ನಿನ್ನೆಯ ಪೇಪರು, ಅದೂ ಯಾವ ನಾಯಕನ ಮುಖವೂ ಇಲ್ಲದ ತುಂಡು. ಯಾರಾದರೂ ಅರ್ಧ ಸುದ್ದಿ ಹಿಡಿದು ಹಾರಾಡಿದರೆ ಒಂದೇ ಪ್ರಶ್ನೆ: “ಪೂರಾ ಓದೀಯೇನು?” ಓದಿಲ್ಲವೆಂದರೆ ಪೇಪರು ಅವನ ತೊಡೆಯ ಮೇಲೆ ಬೀಳುತ್ತಿತ್ತು.

ಇನ್ನೊಂದು ಕಟ್ಟಳೆ ಇತ್ತು. “ಕತ್ತಿ ಗಂಟಲ ಮ್ಯಾಲ ಇರೋತನಕ ನನ್ನ ಮಾತು. ಇಳಿಸಿದ ಮ್ಯಾಲ ನಿನ್ನ ಮಾತು.” ಕುರ್ಚಿಯಲ್ಲಿ ಕೂತವನು ಯಾವ ಪಕ್ಷದವನೋ ಅದರ ಎದುರು ಪಕ್ಷದ ಪರವಾಗಿ ಮಾಮ ವಾದಿಸುತ್ತಿದ್ದರು. ಕೂತವನು ಉಸಿರು ಬಿಗಿಹಿಡಿದು ಕೇಳಲೇಬೇಕು. ಕತ್ತಿ ಇಳಿಯಿತೋ, ಅವನು ಎಷ್ಟು ಕೂಗಿದರೂ ಮಾಮ ನಡುವೆ ಬಾಯಿ ಹಾಕುತ್ತಿರಲಿಲ್ಲ. ಅವರ ಓಟು ಯಾರಿಗೆಂಬುದು ಕೊನೆಯವರೆಗೂ ಯಾರಿಗೂ ತಿಳಿಯಲಿಲ್ಲ.

ಚುನಾವಣೆ ಬಂತೆಂದರೆ ಮೈಕು ಕಟ್ಟಿದ ಆಟೋಗಳು ಸಿನಿಮಾ ಹಾಡಿನ ಧಾಟಿಗೆ ಪಕ್ಷದ ಹೊಗಳಿಕೆ ಜೋಡಿಸಿಕೊಂಡು ಓಣಿಯಲ್ಲಿ ಹಾಯುತ್ತಿದ್ದವು. ಮಾಮ ಆಗ ಕತ್ತಿ ಮೇಲೆತ್ತಿ ನಿಂತುಬಿಡುವರು. “ಈ ಡೋಲಿಗೆ ಕೈ ಕುಣಿತೈತಪಾ, ಹೋಗ್ಲಿ ತಡಿ.” ಯಾವ ಪಕ್ಷದ ಆಟೋ ಆದರೂ ಅಷ್ಟೇ.

ಹೋದ ಚುನಾವಣೆಯಲ್ಲಿ ನಾನು ಮತ್ತು ಅಣ್ಣ ಮಾತು ಬಿಟ್ಟೆವು. ಅಣ್ಣನಿಗೆ ಹತ್ತಿ ಬಿಡಿಸುವ ಜಿನ್ನಿಂಗ್ ಮಿಲ್ಲಿನಲ್ಲಿ ಕೆಲಸ, ನನಗೆ ಸರ್ಕಾರಿ ಕಚೇರಿಯಲ್ಲಿ. ಪಕ್ಷವೂ ಬೇರೆ ಬೇರೆ. ಮನೆಯವರ ವಾಟ್ಸಾಪ್ ಗುಂಪಿಗೆ ಅಣ್ಣ ತನ್ನ ಪಕ್ಷದ ಹಾಡೊಂದನ್ನು ಹಾಕಿದ. ನಾನು ಎರಡು ಸಾಲು ಕೇಳಿ ನಿಲ್ಲಿಸಿ, “ಬಿರಿಯಾನಿ ಪೊಟ್ಟಣಕ್ಕೆ ಮಾರಿಕೊಂಡವರು ಹೀಗೇ ಅರಚುವುದು” ಎಂದು ಬರೆದೆ. ಅಣ್ಣ ಆಗಲೇ ಗುಂಪಿನಿಂದ ಹೊರಗೆ ಹೋದ.

ಮುಂದಿನ ಭಾನುವಾರ ನನ್ನ ಗಂಟಲ ಮೇಲೆ ಕತ್ತಿ ಇಟ್ಟು ಮಾಮ ಕೇಳಿದರು, “ಆ ಹಾಡು ಪೂರಾ ಕೇಳಿದ್ಯೇನು?” ನಾನು ಕಣ್ಣಲ್ಲೇ ಇಲ್ಲವೆಂದೆ. “ಎರಡನೇ ಚರಣದಿಂದ ಹಾಡಿದಾವ ನಿಮ್ಮಣ್ಣ. ಭಜನಿ ಬಿಟ್ಟರ ಬ್ಯಾರೆ ಎಲ್ಲೂ ಹಾಡಿದವನಲ್ಲ. ಮೊದಲನೇ ಸಲ ಮೈಕಿನ ಮುಂದ ನಿಂತಿದ್ದ. ಮನ್ಯಾಗ ಯಾರರ ದನಿ ಗುರುತು ಹಿಡಿತಾರೇನೋ ಅಂತ ಕಳಿಸಿದ್ದ.”

ಕತ್ತಿ ಇಳಿಸಿದರು. ನನ್ನ ಸರದಿ. ನಾನು ದುಡ್ಡು ಕೊಟ್ಟು ಅಂಗಡಿಯಿಂದ ಇಳಿದೆ. ಆ ದಿನವೇ ಅಣ್ಣನ ಮನೆಗೆ ಹೋಗಬಹುದಿತ್ತು, ಹೋಗಲಿಲ್ಲ. ನಾಚಿಕೆಯೇ ಬೆಳೆದು ಹಟವಾಯಿತು. ಅಣ್ಣನೂ ನನ್ನನ್ನು ತಪ್ಪಿಸಲೆಂದೇ ಅಂಗಡಿಗೆ ಸೋಮವಾರ ಬರತೊಡಗಿದ.

ಆ ಹೊತ್ತಿಗೆ ಅಪ್ಪ ಲಕ್ವ ಹೊಡೆದು ಹಾಸಿಗೆ ಹಿಡಿದಿದ್ದರು. ನನ್ನ ಮನೆಯಲ್ಲಿದ್ದರು. ನಾನು ಕಚೇರಿಗೆ ಹೋದ ಮೇಲೆ ಅಣ್ಣ ಬಂದು ನೋಡಿಕೊಂಡು ಹೋಗುತ್ತಿದ್ದ. ಬುಧವಾರ ಬೆಳಿಗ್ಗೆ ಮಾಮ ಅಪ್ಪನ ಗಡ್ಡ ತೆಗೆಯಲು ಮನೆಗೇ ಬರುತ್ತಿದ್ದರು. ಒಳಗಿನಿಂದ ಅಪ್ಪನ ನಗು ಕೇಳುತ್ತಿತ್ತು. ಇಷ್ಟು ಸೋತ ಮೈಯಲ್ಲಿ ನಗು ಎಲ್ಲಿಂದ ಬರುತ್ತದೆ ಎಂದು ನನಗೆ ಆಶ್ಚರ್ಯವಾಗುತ್ತಿತ್ತು. ಹೀಗೇ ಒಂದು ವರ್ಷ ನಡೆದು ಅಪ್ಪ ತೀರಿಕೊಂಡರು.

ಹತ್ತನೇ ದಿನದ ಕಾರ್ಯ ಮಾಧವರಂ ಹತ್ತಿರ ತುಂಗಭದ್ರೆಯ ದಂಡೆಯಲ್ಲಿ. ತಲೆ ಬೋಳಿಸಲು ಮಾಮ ನಮ್ಮ ಜೀಪಿನಲ್ಲೇ ಬಂದರು. ಹಿರಿಯನೆಂದು ಮೊದಲು ಅಣ್ಣನದು ಆಯಿತು. ಬೋಳುತಲೆಯಲ್ಲಿ ಅವನು ಥೇಟ್ ಅಪ್ಪನ ಹಾಗೆ ಕಂಡ. ಅವನು ಪಕ್ಕದಲ್ಲೇ ಕೂತಿದ್ದಾಗ ನನ್ನ ತಲೆಯ ಮೇಲೆ ಕತ್ತಿ ಇಟ್ಟು ಮಾಮ ಮಾತು ತೆಗೆದರು.

“ಈಗ ನನ್ನ ಮಾತು. ಇಬ್ರೂ ಸುಮ್ನ ಕುಂದರ್ರಿ. ನಿಮ್ಮಪ್ಪಾರು ಬುಧವಾರಕ್ಕೊಮ್ಮಿ ಒಂದ ಕೇಳೋರು, ಹುಡುಗ್ರು ಮಾತಾಡ್ತಾರೇನೋ ಅಂತ. ಆಡ್ತಾರ, ನನ್ನ ಅಂಗಡ್ಯಾಗ ಕುಂತು ಜಗಳಾನೂ ಆಡ್ತಾರ ಅಂತಿದ್ದೆ. ಭಾನುವಾರ ಇವ ಅಂದಿದ್ದು, ಸೋಮವಾರ ಅವ ಅಂದಿದ್ದು, ಎರಡೂ ಸೇರಿಸಿ ಒಂದು ಮಾತುಕತಿ ಮಾಡಿ ಹೇಳ್ತಿದ್ದೆ. ಕೇಳಿ ಕೇಳಿ ನಗೋರು.”

ಕತ್ತಿ ನಿಂತಿತು.

“ಅರ್ಧ ಸುದ್ದಿ ಹೇಳಬ್ಯಾಡ್ರಿ ಅಂತ ಊರಿಗೆಲ್ಲ ಹೇಳಿದಾವ ನಾನು. ಸಾಯೋ ಮನಷ್ಯಾಗ ಪೂರಾ ಸುಳ್ಳು ಹೇಳೀನಿ. ಅದನ್ನ ನಿಜ ಮಾಡೋದು ನಿಮ್ಮ ಕೈಯಾಗೈತಿ.”

ಉಳಿದ ಕೂದಲು ತೆಗೆದು ಕತ್ತಿ ಇಳಿಸಿದರು. ಸರದಿ ನನ್ನದೇ ಎಂದು ಮೂವರಿಗೂ ಗೊತ್ತಿತ್ತು.

“ಅಣ್ಣಾ, ತಪ್ಪಾತು. ಹಾಡು ನಾನು ಪೂರಾ ಕೇಳಿರಲಿಲ್ಲ.”

ಅಣ್ಣ ಪಂಚೆ ಎತ್ತಿ ಕಟ್ಟಿ ಎದ್ದ. ಆಮೇಲೆ ನನ್ನ ರೆಟ್ಟೆ ಹಿಡಿದು ಎಬ್ಬಿಸಿ, “ನಡಿ, ನೀರಿಗಿಳಿ. ಹೊತ್ತಾತು” ಎಂದ. ನೀರಿನೊಳಗೂ ಅವನು ಕೈ ಬಿಡಲಿಲ್ಲ.

ಅಲ್ಲಿಂದ ಮುಂದೆ ಅಣ್ಣನೂ ಭಾನುವಾರವೇ ಅಂಗಡಿಗೆ ಬಂದ. ಬೆಂಚಿನ ಮೇಲೆ ಕೂತು ನಾವಿಬ್ಬರೂ ನಿಜವಾಗಿ ಜಗಳವಾಡಿದೆವು. ಅವನ ಎಷ್ಟೋ ವಾದ ನನಗೆ ಹೊಸದೆನಿಸಲಿಲ್ಲ. ಆ ಒಂದು ವರ್ಷ ಮಾಮ ನನ್ನ ಗಂಟಲ ಮೇಲೆ ಕತ್ತಿ ಇಟ್ಟು ಹೇಳಿದ್ದೆಲ್ಲ ಅಣ್ಣನ ಮಾತುಗಳೇ ಎಂದು ಆಗ ತಿಳಿಯಿತು.

ಈ ಬೇಸಿಗೆಯಲ್ಲಿ ಮಾಮ ಒಂದು ತಿಂಗಳು ಮಲಗಿ ತೀರಿಕೊಂಡರು. ಮಣ್ಣಿಗೆ ಹೋದಾಗ ಅವರ ಎಡಗೈ ನೋಡಿದೆ. ನುಣ್ಣಗಿದ್ದ ಆ ನಾಲ್ಕು ಬೆರಳ ಜಾಗದಲ್ಲಿ ಸಣ್ಣ ಬಿಳಿ ಕೂದಲು ಮೂಡಿತ್ತು. ಅಪ್ಪ ಹೋದಾಗ ಬಾರದ ಅಳು ಆಗ ಬಂತು.

ಅಂಗಡಿಗೆ ಬೀಗ ಬಿದ್ದಿದೆ. ನಾನೂ ಅಣ್ಣನೂ ಭಾನುವಾರ ಅದರ ಕಟ್ಟೆಯ ಮೇಲೆ ಕೂರುತ್ತೇವೆ. ಮೊನ್ನೆ ನಮ್ಮ ಜಗಳ ಕಾವೇರಿದ್ದಾಗ ಮೈಕಿನ ಆಟೋ ಒಂದು ಓಣಿಗೆ ಬಂತು. ಯಾರೂ ಹೇಳದೆ ಇಬ್ಬರೂ ಮಾತು ನಿಲ್ಲಿಸಿ, ಕತ್ತು ನೆಟ್ಟಗೆ ಮಾಡಿ ಕೂತೆವು. ಆಟೋ ತಿರುವಿನಲ್ಲಿ ಮರೆಯಾಯಿತು, ಹಾಡೂ ಅಡಗಿತು. ಅಣ್ಣ ಬೀಗದ ಕಡೆ ಒಮ್ಮೆ ನೋಡಿ ನನ್ನ ಕಡೆ ತಿರುಗಿದ.

“ಹೂಂ, ಈಗ ನಿನ್ನ ಮಾತು” ಎಂದ.