ಕೇಳಿಯೇ ಹೊಲಕ್ಕೆ ಇಳಿದವರು

ಡೊಳ್ಳು ಬಡಿದು ಬಡಿದು ಕುರಿಯಜ್ಜನ ಎಡ ಅಂಗೈ ಒಣಗಿದ ರೊಟ್ಟಿಯಷ್ಟು ಗಟ್ಟಿಯಾಗಿತ್ತು. ನಾನು ಸೆರಗಿನಲ್ಲಿ ಹಿಡಿದು ತಂದ ಬಿಸಿ ಚಹಾದ ಲೋಟವನ್ನು ಅವರು ಆ ಅಂಗೈ ಮೇಲೆ ಹಾಗೇ ಇಟ್ಟುಕೊಂಡು ಕುಡಿಯುತ್ತಿದ್ದರು. "ಅಕ್ಕೋರ, ನಿಮ್ಮ ಕೈ ಬರೇ ಚಾಕ್‌ಪೀಸ್ ಹಿಡಿಯಾಕ ಅದಾವ ನೋಡ್ರಿ" ಎಂದು ನಗುತ್ತಿದ್ದರು.

ಗುಡೂರಿಗೆ ಹತ್ತಿರದ ನಮ್ಮೂರ ಶಾಲೆಯಲ್ಲಿ ನಾನು ವಿಜ್ಞಾನ ಕಲಿಸುತ್ತೇನೆ. ಅಪ್ಪ ಬಿಟ್ಟುಹೋದ ನಾಲ್ಕು ಎಕರೆ ಎರೆ ಹೊಲವಿದೆ. ಜೋಳದ ಸುಗ್ಗಿ ಮುಗಿದ ಮೇಲೆ ಗೊಬ್ಬರಕ್ಕೆಂದು ಕುರಿಯಜ್ಜ ಪ್ರತಿವರ್ಷ ತಮ್ಮ ಹಿಂಡನ್ನು ಅಲ್ಲಿ ಮೂರು ದಿನ ನಿಲ್ಲಿಸುತ್ತಿದ್ದರು. ಹಿಂಡಿನಲ್ಲಿ ಅವರ ಅಣ್ಣತಮ್ಮಂದಿರ ಕುರಿಗಳೂ ಇರುತ್ತಿದ್ದವು. ಬೀರಪ್ಪನ ಗುಡಿಯ ಡೊಳ್ಳಿನ ಮೇಳದಲ್ಲಿ ಮುಂದೆ ನಿಂತು ಪದ ಎತ್ತಿಕೊಡುವವರೂ ಅವರೇ. ಅವರು ದನಿ ತೆಗೆದರೆ ಹಿಂದಿನ ಹತ್ತು ಡೊಳ್ಳು ಸುಮ್ಮನಾಗುತ್ತಿದ್ದವು.

ಅವರದೊಂದು ಪದ್ಧತಿ ಇತ್ತು. ಹಿಂಡನ್ನು ಬದುವಿನ ಆಚೆ ತಡೆದು, "ಹೊಲದಾಗ ಏನೈತ್ರಿ?" ಎಂದು ಕೇಳುವರು. ಹೊಲದವರು ಹೇಳಿದ ಮಾತಿನ ಮೇಲೆ ಕುರಿ ಇಳಿಯಬೇಕು. ಕೇಳಿದ ಮೇಲೂ ಒಳಗೆ ಹೊಕ್ಕು ನೋಡಿದರೆ ಹೊಲದವರ ಮಾತನ್ನು ನಂಬಲಿಲ್ಲ ಎಂದಂತಾಗುತ್ತದೆ. ಕೇಳದೆ ಇಳಿಸುವವನು ಕುರುಬನೇ ಅಲ್ಲ ಎಂಬುದು ಅವರ ಮಂದಿಯ ಲೆಕ್ಕ.

ಆ ವರ್ಷ ಬೇಸಿಗೆಯಲ್ಲಿ ಒಂದೇ ಒಂದು ಅಡ್ಡಮಳೆ ಬಿದ್ದು ಕೆಳಗಿನ ಮೂಲೆಯಲ್ಲಿ ಕೊಯ್ದುಳಿದ ಜೋಳದ ಕೂಳೆ ಮತ್ತೆ ಚಿಗುರಿತ್ತು. ಬಿಸಿಲಿಗೆ ಬಾಡಿಯೂ ಇತ್ತು. ನಾನು ನೋಡಿದ್ದೆ. ಆದರೆ ಚಿಗುರಿದೆ ಎಂದರೆ ಅಜ್ಜ ಹಿಂಡು ಹೊರಳಿಸಿಕೊಂಡು ಹೋಗುತ್ತಾರೆ, ಹೊಲಕ್ಕೆ ಗೊಬ್ಬರ ತಪ್ಪುತ್ತದೆ. ಹಿಂದಿನ ವರ್ಷ ಪಕ್ಕದ ಹೊಲಕ್ಕೆ ಹಾಗೇ ಮಾಡಿದ್ದರು. ಅದೆಲ್ಲ ಮುದುಕರ ಮೂಢನಂಬಿಕೆ ಎಂದುಕೊಂಡೆ. ವಿಜ್ಞಾನದ ಟೀಚರಲ್ಲವೇ ನಾನು, ಹಸಿರು ತಿಂದು ಯಾವ ಕುರಿ ಸಾಯುತ್ತದೆ! "ಏನಿಲ್ರಿ ಅಜ್ಜಾರ, ಬರೇ ಒಣ ಕೂಳಿ" ಅಂದುಬಿಟ್ಟೆ.

ಅರ್ಧ ತಾಸೂ ಆಗಿರಲಿಲ್ಲ. ಕೆಳಗಿನ ಮೂಲೆಯಲ್ಲಿ ಒಂದು ಕುರಿ ಕುಡಿದವರಂತೆ ತೂರಾಡಿ ಬಿತ್ತು. ಬಾಯಲ್ಲಿ ನೊರೆ. ಅದರ ಪಕ್ಕದಲ್ಲಿ ಇನ್ನೊಂದು. ನಾನು ಕಿರುಚಿ ಓಡಲು ಹೋದೆ. ಅಜ್ಜ ನನ್ನ ರಟ್ಟೆ ಹಿಡಿದು ನಿಲ್ಲಿಸಿದರು.

"ಒದರಬ್ಯಾಡ್ರಿ! ಬೆದರಿ ಓಡಿದ್ರ ಎಲ್ಲಾ ಸಾಯ್ತಾವು. ಡಾಕ್ಟರಿಗೆ ಫೋನ್ ಹಚ್ರಿ. ಮನ್ಯಾಗಿನ ಬೆಲ್ಲ ಎಲ್ಲಾ ನೀರಾಗ ಕಲಿಸಿ ತರ್ರಿ."

ಆಮೇಲೆ ಅವರು ಹಾಡತೊಡಗಿದರು. ದಿನಾ ಹಿಂಡಿನ ಮುಂದೆ ನಡೆಯುವಾಗ ಹಾಡುವ ಬೀರಪ್ಪನ ಪದ, ಅದೇ ನಿಧಾನ. ಬದುವಿನ ಕಡೆ ಹೆಜ್ಜೆ ಹಾಕಿದರು. ಕುರಿಗಳು ಚಿಗುರು ಬಿಟ್ಟು ತಲೆ ಎತ್ತಿದವು, ಒಂದೊಂದಾಗಿ ಹಿಂದೆ ಬಂದವು. ನಡುವೆ ಬಿದ್ದವು ಬಿದ್ದಲ್ಲೇ ಕಾಲು ಬಡಿಯುತ್ತಿದ್ದವು. ಅಜ್ಜ ತಿರುಗಿ ನೋಡಲಿಲ್ಲ. ಕಣ್ಣೀರು ಗಡ್ಡಕ್ಕೆ ಇಳಿಯುತ್ತಿತ್ತು, ದನಿ ಮಾತ್ರ ಒಂದು ಕೂದಲೆಳೆ ನಡುಗಲಿಲ್ಲ. ಫೋನು ಕಿವಿಗೆ ಹಿಡಿದು ಮನೆ ಕಡೆ ಓಡುವಾಗ ಆ ಹಾಡು ಎಲ್ಲಿ ನಿಂತುಬಿಡುತ್ತದೋ ಎಂದು ನನ್ನ ಜೀವ ಬಾಯಿಗೆ ಬಂದಿತ್ತು.

ದನದ ಡಾಕ್ಟರು ಹುನಗುಂದದಿಂದ ಬಂದು ಸೂಜಿ ಮಾಡುವ ಹೊತ್ತಿಗೆ ಏಳು ಕುರಿ ಸತ್ತಿದ್ದವು. ಉಳಿದವು ಬದುಕಿದವು. ನೀರಿಲ್ಲದೆ ಬಾಡಿದ ಜೋಳದ ಎಳೆ ಚಿಗುರು ವಿಷ ಎಂದು ಡಾಕ್ಟರೇ ಹೇಳಿದರು. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಅಷ್ಟರಲ್ಲಿ ಅಣ್ಣತಮ್ಮಂದಿರು ಬಂದರು. ಸತ್ತವುಗಳಲ್ಲಿ ನಾಲ್ಕು ಅವರವು. "ಕೇಳಿ ಇಳಿಸಿದ್ಯೋ ಇಲ್ಲೋ?" ಎಂದು ಹಿರಿಯಣ್ಣ ಗದರಿಸಿದ. ಎಲ್ಲರೂ ನನ್ನ ಕಡೆ ನೋಡಿದರು. ನಾನು ಬಗ್ಗಿ ಬೆಲ್ಲದ ನೀರಿನ ಖಾಲಿ ಕೊಡವನ್ನು ಎತ್ತಿಕೊಂಡೆ.

"ಇಲ್ಲ. ಕೇಳಲಿಲ್ಲ. ಮರ್ತೆ" ಎಂದರು ಅಜ್ಜ.

ಮರುದಿನ ದಾರಿಯಲ್ಲಿ ಅಜ್ಜನನ್ನು ಅಡ್ಡಗಟ್ಟಿ ಅತ್ತುಬಿಟ್ಟೆ. ಯಾಕೆ ಹಾಗೆ ಹೇಳಿದಿರಿ ಎಂದೆ. "ನೀವು ಸಾಲ್ಯಾಗ ಹುಡುಗರ ಮುಂದ ನಿಂದರೋರು. ನಾ ಕುರಿ ಮುಂದ ಹೆಂಗರ ನಿಂದರತೇನಿ, ಬಿಡ್ರಿ" ಎಂದು ನಡೆದರು.

ನಾನು ಬಿಟ್ಟೇಬಿಟ್ಟೆ. ಎಂಥ ಹೇಡಿ ನಾನು! ಮೇಳದಲ್ಲಿ ಅವರನ್ನು ಹಿಂದಿನ ಸಾಲಿಗೆ ಹಾಕಿದರು. ಕೇಳದೆ ಹೊಲಕ್ಕೆ ಇಳಿದವನು ದೇವರ ಪದ ಎತ್ತಬಾರದಂತೆ. ಐದು ವರ್ಷ ಅವರು ಹಿಂದೆ ನಿಂತು ಬೇರೆಯವರು ಎತ್ತಿದ ಪದಕ್ಕೆ ದನಿಗೂಡಿಸಿದರು. ಐದು ವರ್ಷವೂ ನಾನು ಗುಡಿಯ ಕಟ್ಟೆಯ ಮೇಲೆ ಕೂತು ಕೇಳಿದೆ. ಇಂದು ಹೇಳೋಣ, ನಾಳೆ ಹೇಳೋಣ ಎಂದುಕೊಳ್ಳುತ್ತಲೇ ಕೂತಿದ್ದೆ.

ಈ ಸಲ ಚಳಿಗಾಲದಲ್ಲಿ ಅವರು ತೀರಿಕೊಂಡರು. ಅವರ ಮನೆಯೊಳಗೆ ಹೋಗಿ, ಅವರ ಹೆಂಡತಿಯಾದ ಅಜ್ಜಿಯ ಕೈ ಹಿಡಿದು ಎಲ್ಲ ಒದರಿಬಿಟ್ಟೆ. ಅಜ್ಜಿ ಕೈ ಬಿಡಿಸಿಕೊಂಡರು.

"ನನಗ ಗೊತ್ತೈತ್ರಿ ಅಕ್ಕೋರ. ಆ ಮನಷ್ಯಾ ಕೇಳದ ಯಾರ ಹೊಲಕ್ಕೂ ಕಾಲಿಟ್ಟಾಂವಲ್ಲ. ನನಗ್ಯಾಕ ಹೇಳ್ತೀರಿ? ಹೊರಗ ಕುಂತಾರಲ್ಲ, ಅವ್ರಿಗೆ ಹೇಳ್ರಿ."

ಹೊರಗೆ ಬಂದೆ. ಮೇಳದವರು, ಅಣ್ಣತಮ್ಮಂದಿರು, ನಾನು ಪಾಠ ಹೇಳಿದ ಹುಡುಗರು, ಎಲ್ಲರೂ ಇದ್ದರು. ಹೆಣವನ್ನು ಅಂಗಳದಲ್ಲಿ ಗೋಡೆಗೆ ಒರಗಿಸಿ ಕೂರಿಸಿದ್ದರು.

"ಅಜ್ಜ ಕೇಳಿದ್ರು. ಸುಳ್ಳು ಹೇಳಿದಾಕಿ ನಾನು" ಎಂದೆ.

ಹಿರಿಯಣ್ಣ ಎದ್ದು, ಮೇಳದ ಮುಂದೆ ನಿಂತು ಪದ ಎತ್ತುವವರ ಡೊಳ್ಳನ್ನು ತಂದು ಸತ್ತ ತಮ್ಮನ ತೊಡೆಯ ಮೇಲಿಟ್ಟು, ತಲೆ ಚಚ್ಚಿಕೊಂಡು ಅಳತೊಡಗಿದ.